ಸ್ಕ್ರೀ: ಹರಿಯುವ ಕಲ್ಲು, ಹರಿಯುವ ಗಿಡ

ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿ ವಾಸ್ಟ್‌ವಾಟರ್ ಎಂಬ ಸರೋವರವಿದೆ. 79 ಮೀಟರ್ ಆಳ. ಆ ದೇಶದಲ್ಲಿ ಇದಕ್ಕಿಂತ ಆಳದ್ದಿಲ್ಲ. ಅದರ ಒಂದು ದಡದಲ್ಲಿ ಬೆಟ್ಟದ ನೆತ್ತಿಯ ಕೆಳಗಿನಿಂದ ನೀರಿನ ಅಂಚಿನವರೆಗೂ ಬರೀ ಒಡೆದ ಕಲ್ಲಿನ ರಾಶಿ. ಊರವರ ಬಾಯಲ್ಲಿ ಅದು ‘ಸ್ಕ್ರೀಸ್’. ಭೂವಿಜ್ಞಾನಿಗಳೂ ಸಸ್ಯವಿಜ್ಞಾನಿಗಳೂ ಈಗ ಬಳಸುವ ‘ಸ್ಕ್ರೀ’ ಹುಟ್ಟಿದ್ದು ಇಂಥ ಬೆಟ್ಟಸೀಮೆಯ ಆಡುಮಾತಿನಲ್ಲೇ. ತಮಾಷೆಯೆಂದರೆ, ಇಲ್ಲಿ ಬಹುವಚನ ಹಿರಿಯದು, ಏಕವಚನ ಕಿರಿಯದು. ‘ಸ್ಕ್ರೀದ್ಸ್’ ಎಂಬುದರ ನಡುವಿನ ದಕಾರ ಸವೆದು ‘ಸ್ಕ್ರೀಸ್’ ಆಯಿತು, ಆಮೇಲೆ ಜನ ಕೊನೆಯ ಸಕಾರವನ್ನೂ ಕಳಚಿದರು ಎಂಬುದು ನಿಘಂಟುಕಾರರ ಊಹೆ.

ಸಾವಿರ ವರ್ಷದ ಹಿಂದೆ ಆ ಸೀಮೆಗೆ ಬಂದು ನೆಲೆಸಿದ ನಾರ್ಸ್ ಜನರ ‘ಸ್ಕ್ರಿದಾ’ ಇದರ ಮೂಲ. ಅರ್ಥ, ಭೂಕುಸಿತ, ಐಸ್‌ಲ್ಯಾಂಡಿನಲ್ಲಿ ಇಂದಿಗೂ ಅದೇ. ಅದರ ಬೆನ್ನಿಗಿರುವ ಕ್ರಿಯಾಪದವೇ ಸ್ವಾರಸ್ಯದ್ದು. ಹಾವು ಹರಿಯುವುದಕ್ಕೆ, ಹಡಗು ನೀರ ಮೇಲೆ ಸಾಗುವುದಕ್ಕೆ, ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವುದಕ್ಕೆ ಎಲ್ಲಕ್ಕೂ ಒಂದೇ ಮಾತು. ನಮ್ಮ ‘ಹರಿ’ ಹಾವಿಗೂ ಹೊಳೆಗೂ ಒದಗುವುದನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಆ ನಾರ್ಸ್ ಮಾತಿನ ಧಾತುವೇ ಜರ್ಮನ್ನಿನಲ್ಲಿ ‘ಶ್ರೈಟನ್’ ಆಗಿ, ಎದ್ದು ನಿಂತು, ಗಂಭೀರವಾಗಿ ಹೆಜ್ಜೆಯಿಡತೊಡಗಿತು!

ಮಾತಿನ ಕಥೆ ಅದು, ಇನ್ನು ಕಲ್ಲಿನದು. ಬಿರುಕಿಗಿಳಿದ ನೀರು ಹೆಪ್ಪುಗಟ್ಟುವಾಗ ಶೇಕಡಾ 9ರಷ್ಟು ಹಿಗ್ಗಿ ಬಂಡೆಯನ್ನು ಸೀಳುತ್ತದೆ. ಬಿದ್ದ ಚೂರುಗಳು ಇಳಿಜಾರಿನಲ್ಲಿ ತಂಗುತ್ತವೆ, ಆದರೆ ಸುಮ್ಮನಿರುವುದಿಲ್ಲ. ಮೇಲೆ ಒಣಕಲ್ಲು, ಅದರಡಿಯಲ್ಲಿ ತೇವ ಹಿಡಿದ ನುಣ್ಣನೆ ಮಣ್ಣು. ಅದನ್ನು ನಂಬಿದ ಗಿಡ ಕಲ್ಲಿನ ಚಾಳಿಯನ್ನೇ ಕಲಿಯಬೇಕು. ಸ್ವಿಸ್ ಸಸ್ಯವಿಜ್ಞಾನಿ ಕಾರ್ಲ್ ಶ್ರೋಟರ್ ಆಲ್ಪ್ಸ್ ಪರ್ವತದ ಇಂಥ ಗಿಡಗಳನ್ನು ನಡತೆ ನೋಡಿ ವಿಂಗಡಿಸಿದ: ಕಲ್ಲಿನೊಳಗೆ ಅಲೆಯುವವು, ಕಲ್ಲಿನ ಮೇಲೆ ತೆವಳುವವು, ಹೂತಷ್ಟೂ ಮೈ ನೀಳಮಾಡಿಕೊಂಡು ಮೇಲೇಳುವವು, ಕಲ್ಲನ್ನು ಹೊದ್ದು ಮುಚ್ಚುವವು, ಅಡ್ಡ ನಿಂತು ಕಟ್ಟೆ ಕಟ್ಟುವವು. ಓದಿದರೆ ಸಸ್ಯಗಳ ಪಟ್ಟಿ ಎನಿಸುವುದೇ ಇಲ್ಲ. ನೇರಳೆ ಹೂವಿನ ಲಿನೇರಿಯಾ ಆಲ್ಪೈನಾ ತೆವಳುವ ಗುಂಪಿನದು. ಅಲ್ಲಿಯದೇ ಇನ್ನೊಂದು ಗಿಡ ಉದ್ದನೆಯ ಕುಡಿಗಳನ್ನು ಕಲ್ಲಿನ ಮೇಲೆ ಚಾಚಿ ಹಬ್ಬುತ್ತದೆ. ಅದಕ್ಕೆ ಲಿನೇಯಸ್ 1753ರಲ್ಲಿ ಕೊಟ್ಟ ಹೆಸರು ಜೀಯಮ್ ರೆಪ್ಟಾನ್ಸ್. ಸರೀಸೃಪಗಳಿಗೆ ‘ರೆಪ್ಟೈಲ್’ ಎಂಬ ಹೆಸರು ತಂದ ಲ್ಯಾಟಿನ್ ಧಾತುವೇ ಅದು. ನಾರ್ಸ್ ಕಲ್ಲಿಗೆ ಹಾವಿನ ನಡೆ ಕೊಟ್ಟಿತು, ಲ್ಯಾಟಿನ್ ಗಿಡಕ್ಕೆ ಕೊಟ್ಟಿತು. ಒಂದಕ್ಕೊಂದು ಸುದ್ದಿ ತಿಳಿದಿರಲಿಲ್ಲ.

ಅಲೆಯುವ ಗುಂಪಿನಲ್ಲಿ ಮುಖ್ಯವಾದದ್ದು ಸಾಸಿವೆ ಕುಟುಂಬದ ಪುಟ್ಟ ಗಿಡ, ಥ್ಲಾಸ್ಪಿ ರೊಟುಂಡಿಫೋಲಿಯಂ. ‘ಥ್ಲಾಸ್ಪಿ’ಯ ಹಿಂದಿರುವ ಗ್ರೀಕ್ ಧಾತುವಿಗೆ ಜಜ್ಜು ಎಂದರ್ಥ, ಕಾರಣ ಕಲ್ಲಲ್ಲ, ಜಜ್ಜಿದಂತೆ ಚಪ್ಪಟೆಯಾದ ಅದರ ಕಾಯಿ. 1948ರಲ್ಲಿ ಸಸ್ಯವಿಜ್ಞಾನಿ ಬ್ರೌನ್-ಬ್ಲಾಂಕೆ ಯುರೋಪಿನ ಸ್ಕ್ರೀ ಸಸ್ಯಸಮುದಾಯಗಳನ್ನು ಒಟ್ಟುಗೂಡಿಸಿ ಈ ಗಿಡದ ಹೆಸರನ್ನೇ ಇಟ್ಟ: ಥ್ಲಾಸ್ಪಿಯೇಟಿಯ. ಈಚೆಗೆ ವರ್ಗೀಕರಣಕಾರರು ಗಿಡವನ್ನು ಬೇರೆ ಕುಲಕ್ಕೆ ಸೇರಿಸಿ ನೊಕ್ಕಿಯಾ ಎಂದರು. ಸಮುದಾಯ ಮಾತ್ರ ಬಿಟ್ಟುಹೋದ ಮನೆತನದ ಹೆಸರಿನಲ್ಲೇ ವ್ಯವಹಾರ ನಡೆಸುತ್ತಿದೆ.