ಕೊಳಾರದ ಬಾವಿ ಯಾವ ಲೆಕ್ಕಕ್ಕೆ?

ಇವತ್ತಿನ ಎಪಿಸೋಡ್ ಜಿಡಿಪಿ ಬಗ್ಗೆ. ಸ್ಕಿಪ್ ಮಾಡಬ್ಯಾಡ್ರಿ, ಇದು ನಮ್ಮ ಬೀದರ್ ಕಥೆನೇ.

ಬೀದರ್ ನಗರದ ಹತ್ತಿರಾನೇ ಕೊಳಾರ ಕೈಗಾರಿಕಾ ಪ್ರದೇಶ ಇದೆ. ಅಲ್ಲಿ ಔಷಧಿ, ರಾಸಾಯನಿಕ ಕಾರ್ಖಾನೆಗಳಿವೆ. ಕಚ್ಚಾ ಮಾಲು ಔಷಧಿಯಾದಾಗ ಹೆಚ್ಚಾದ ಮೌಲ್ಯ ಜಿಡಿಪಿಗೆ ಸೇರುತ್ತೆ. ನಾವು ಬಿ.ಕಾಂನಲ್ಲಿ ಓದಿದ್ದೂ ಅಷ್ಟೇ. ಆದರೆ ಸುತ್ತಲಿನ ಹಳ್ಳಿಯವರು ಕೆಟ್ಟ ವಾಸನೆ, ಕೆಟ್ಟ ನೀರಿನ ಬಗ್ಗೆ ವರ್ಷಗಳಿಂದ ದೂರು ಕೊಡ್ತಾನೇ ಇದ್ದಾರೆ. ಬಾವಿ ಕೆಟ್ಟರೆ ಜಿಡಿಪಿಯಲ್ಲಿ ಒಂದು ರೂಪಾಯಿನೂ ಕಡಿಮೆ ಆಗಲ್ಲ. ಕ್ಯಾನ್ ನೀರು ಕೊಂಡರೆ ಅದೂ ಕೂಡುತ್ತೆ, ಆಸ್ಪತ್ರೆ ಬಿಲ್ಲೂ ಕೂಡುತ್ತೆ. ಮನೆಯಲ್ಲಿ ಹುಷಾರಿಲ್ಲದವರನ್ನ ನೋಡಿಕೊಳ್ಳೋ ಅವ್ವನ ದುಡಿಮೆ ಮಾತ್ರ ಲೆಕ್ಕಕ್ಕೇ ಇಲ್ಲ.

ಇದು ಹೊಸ ತಕರಾರಲ್ಲ. 1934ರಲ್ಲಿ ಅಮೆರಿಕದ ಸಂಸತ್ತಿಗೆ ರಾಷ್ಟ್ರೀಯ ಆದಾಯದ ಲೆಕ್ಕ ಕೊಟ್ಟ ಸೈಮನ್ ಕುಜ್ನೆಟ್ಸ್, ಈ ಅಂಕಿ ನೋಡಿ ಜನರ ಕ್ಷೇಮ ಅಳೆಯೋಕಾಗಲ್ಲ ಅಂತ ಅದೇ ವರದಿಯಲ್ಲಿ ಎಚ್ಚರಿಸಿದ್ದರು. 1990ರಲ್ಲಿ ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ಸೂಚ್ಯಂಕ ಬಂತು. ಮಹಬೂಬ್ ಉಲ್ ಹಕ್, ಅಮರ್ತ್ಯ ಸೇನ್ ಅವರ ಚಿಂತನೆ ಅದರ ಹಿಂದಿತ್ತು. ಆದಾಯದ ಜೊತೆ ಆಯುಷ್ಯ, ಶಿಕ್ಷಣವೂ ಲೆಕ್ಕಕ್ಕೆ ಬಂದವು.

ನಮ್ಮ ರಾಜ್ಯದಲ್ಲಿ ಈ ಕೆಲಸವನ್ನ ತಾಲ್ಲೂಕು ಮಟ್ಟಕ್ಕೆ ಇಳಿಸಿದ್ದು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ. 2002ರ ವರದಿಯಲ್ಲಿ ಅವರು 175 ತಾಲ್ಲೂಕುಗಳನ್ನ 35 ಸೂಚಕಗಳಿಂದ ಅಳೆದರು. ಕೃಷಿ, ಕೈಗಾರಿಕೆ ಜೊತೆಗೆ ಸಾಕ್ಷರತೆ, ವೈದ್ಯರ ಸಂಖ್ಯೆ, ಶಾಲೆ ಬಿಟ್ಟ ಮಕ್ಕಳು, ಕುಡಿಯೋ ನೀರು ಎಲ್ಲಾ ಅದರಲ್ಲಿದ್ದವು. 114 ತಾಲ್ಲೂಕು ಹಿಂದುಳಿದವು ಅಂತ ಗೊತ್ತಾಯ್ತು. ಅವುಗಳಲ್ಲಿ 39 'ಅತ್ಯಂತ ಹಿಂದುಳಿದವು'. ನಮ್ಮ ಔರಾದ್, ಭಾಲ್ಕಿ ಎರಡೂ ಆ 39ರಲ್ಲಿದ್ದವು. ರಾಜ್ಯಕ್ಕೆಲ್ಲ ಒಂದೇ ಸರಾಸರಿ ತೆಗೆದಿದ್ದರೆ ಇವು ಕಣ್ಣಿಗೇ ಬೀಳ್ತಿರಲಿಲ್ಲ. ಮುಂದೆ ಈ ಭಾಗದವರು 371ಜೆ ಕೇಳುವಾಗ ಇಂಥ ಲೆಕ್ಕವೇ ಬಲ ಕೊಟ್ಟಿತು. 2012ರಲ್ಲಿ ಸಂಸತ್ತು ಅದನ್ನ ಒಪ್ಪಿತು. ಇವತ್ತು ನೀವು ಆ ಮೀಸಲಾತಿಯಲ್ಲಿ ಸೀಟು ತಗೊಂಡಿದ್ದರೆ, ಅದರ ಬೇರು ಇಲ್ಲಿದೆ.

ಆದರೆ ಇದಕ್ಕೂ ಮಿತಿ ಇದೆ. ನಂಜುಂಡಪ್ಪ ವರದಿಯ ನೀರಿನ ಸೂಚಕ ಕೇಳಿದ್ದು, ತಲೆಗೆ ದಿನಕ್ಕೆ 40 ಲೀಟರ್ ಸಿಗೋ ಜನವಸತಿಗಳು ಎಷ್ಟು ಅಂತ. ಆ ನೀರು ಕುಡಿಯೋ ಹಾಗಿದೆಯಾ ಅನ್ನೋದನ್ನಲ್ಲ. ಅಂದರೆ ಕೆಟ್ಟ ಬಾವಿ ಆ ಲೆಕ್ಕದಿಂದಲೂ ಹೊರಗೇ ಉಳೀತು.

2024ರಲ್ಲಿ ಸರ್ಕಾರ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನ ಅಳೆಯೋಕೆ ಮತ್ತೊಂದು ಸಮಿತಿ ಮಾಡಿತು. ಏನನ್ನ ಎಣಿಸಬೇಕು ಅನ್ನೋದು ಬರೀ ಅರ್ಥಶಾಸ್ತ್ರಜ್ಞರ ಕೆಲಸ ಅಲ್ಲ. ಎಣಿಕೆಗೆ ಬಂದದ್ದಕ್ಕೇ ಅನುದಾನ ಬರೋದು. 'ಬೆಳವಣಿಗೆ ಇಷ್ಟು ಪರ್ಸೆಂಟ್' ಅಂತ ಸುದ್ದಿ ಬಂದಾಗ ಎರಡೇ ಪ್ರಶ್ನೆ ಕೇಳ್ರಿ: ಯಾವ ತಾಲ್ಲೂಕಿನದು? ಅಲ್ಲಿ ಬಾವಿ ನೀರು ಹೆಂಗದ?

ಮುಂದಿನ ವಾರ ಸಿಗೋಣ.