ಬಿಟ್ಟು ಹೋದ ಮೇಲೆ ಸಿಗುವ ಊರು

ಬಂಗಾರಪೇಟೆಯ ನನ್ನ ಗೆಳೆಯನೊಬ್ಬ ಇಂಜಿನಿಯರಿಂಗ್ ಕೊನೇ ವರ್ಷದಲ್ಲಿ ದಿನಾ ಒಂದೇ ಮಾತು ಹೇಳ್ತಿದ್ದ: "ಈ ದೇಶದಲ್ಲಿ ಏನೂ ಇಲ್ಲ ಮಗಾ, ಮೊದಲು ಇಲ್ಲಿಂದ ಹೋಗ್ಬೇಕು." ಹೋದ. ಈಗ ಅಮೆರಿಕದಿಂದ ಫೋನ್ ಮಾಡಿದರೆ ಮೊದಲ ಪ್ರಶ್ನೆ, "ನಮ್ಮೂರ ಕಡೆ ಮಳೆ ಆಯ್ತಾ?" ಇಲ್ಲಿದ್ದಾಗ ತಲೆ ಎತ್ತಿ ಆಕಾಶ ನೋಡದವನಿಗೆ ಈಗ ಕೋಲಾರದ ಮಳೆಯ ಚಿಂತೆ!

ನಗಬೇಡಿ. ಇದು ಅವನೊಬ್ಬನ ಕಥೆಯಲ್ಲ. ಅವನೂರಿನಿಂದ ಮಾರಿಕುಪ್ಪಂ ರೈಲು ಹತ್ತಿ. ಕೋರಮಂಡಲ್, ಊರ್ಗಾಂ, ಚಾಂಪಿಯನ್ ಸ್ಟೇಷನ್‌ಗಳು ಬರ್ತವೆ. ಅದೇ ಕೆಜಿಎಫ್. ಈ ಕಥೆ ಅಲ್ಲಿ ನೂರು ವರ್ಷದ ಹಿಂದೆಯೇ ನಡೆದಿದೆ.

1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಚಿನ್ನದ ಗಣಿ ನಡೆಸತೊಡಗಿತು. ಅದೇ ಕಾಲಕ್ಕೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ತಾಮ್ರ, ತವರದ ಗಣಿಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಕೆಲಸ ಕಳೆದುಕೊಂಡ ಗಣಿಗಾರರು ಅಮೆರಿಕ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ ಅಂತ ಚದುರಿದರು. ಕೆಲವರು ಕೋಲಾರಕ್ಕೆ ಬಂದರು. ಬಂದು ಮಾಡಿದ್ದೇನು? ಬಂಗಲೆ, ಕ್ಲಬ್, ಚರ್ಚ್, ಗಾಲ್ಫ್ ಮೈದಾನ. ಊರಿಗೆ 'ಲಿಟಲ್ ಇಂಗ್ಲೆಂಡ್' ಅಂತಲೇ ಹೆಸರು ಬಿತ್ತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತೂ ಬಂತು, ಬೆಂಗಳೂರಿಗಿಂತ ಮೂರು ವರ್ಷ ಮೊದಲು! ಹೊಟ್ಟೆಗೆ ಕೊಡದ ನಾಡನ್ನೇ ಜನ ಪರದೇಶದಲ್ಲಿ ಮತ್ತೆ ಕಟ್ಟಿಕೊಳ್ಳುತ್ತಾರೆ. ವಿಚಿತ್ರ, ಅಲ್ವಾ?

ಇನ್ನೂ ವಿಚಿತ್ರ ಮುಂದಿದೆ. ಇಲ್ಲೇ ಹುಟ್ಟಿ ಬೆಳೆದ ಎಷ್ಟೋ ಆಂಗ್ಲೋ-ಇಂಡಿಯನ್ ಕುಟುಂಬಗಳು ಕಣ್ಣಲ್ಲೂ ನೋಡದ ಇಂಗ್ಲೆಂಡನ್ನು 'ಹೋಮ್' ಅಂತ ಕರೆಯುತ್ತಿದ್ದವು. ಸ್ವಾತಂತ್ರ್ಯ ಬಂತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. ಅವರಲ್ಲಿ ಅನೇಕರು ಇಂಗ್ಲೆಂಡ್, ಆಸ್ಟ್ರೇಲಿಯಾ ಸೇರಿದರು. ಹೋದವರು ಬರೆದುಕೊಂಡ ನೆನಪುಗಳಲ್ಲಿ ತುಂಬಿರೋದು ಏನು ಗೊತ್ತಾ? ಕೆಜಿಎಫ್! ಕ್ಲಬ್ಬಿನ ಕ್ರಿಸ್‌ಮಸ್, ಓದಿದ ಶಾಲೆ, ಗಣಿಯ ಸೈರನ್. ಇಲ್ಲಿದ್ದಾಗ ಅದು 'ಹೋಮ್', ಅಲ್ಲಿಗೆ ಹೋದ ಮೇಲೆ ಇದು ಮನೆ.

ಆದರೆ ಕಥೆಯಲ್ಲಿ ಮೂರನೆಯವರೂ ಇದ್ದಾರೆ. ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ ಕೂಲಿಗಳು. ಮೂರು ಕಿಲೋಮೀಟರ್‌ಗೂ ಹೆಚ್ಚು ಆಳಕ್ಕೆ ಇಳಿದು ಚಿನ್ನ ತೆಗೆದವರು ಅವರು. ಬಂಗಲೆ ಅವರದಲ್ಲ, ಅವರದು ಲೈನ್ ಮನೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮೊಮ್ಮಕ್ಕಳಿಗೆ ವಾಪಸ್ ಹೋಗಲು ಇನ್ನೊಂದು ಊರೂ ಉಳಿದಿರಲಿಲ್ಲ. ಇವತ್ತಿಗೂ ಬೆಳಗಿನ ಜಾವ ಅವರು ಹಿಡಿಯೋದು ಬೆಂಗಳೂರಿನ ರೈಲು, ವಿಮಾನವಲ್ಲ. ರಾತ್ರಿ ಅದೇ ಲೈನ್ ಮನೆಗೆ ವಾಪಸ್. ಗಾಳಿ ಎದ್ದರೆ ಸೈನೈಡ್ ದಿಬ್ಬದ ಧೂಳು ಅವರ ಮನೆಯೊಳಕ್ಕೇ ಬರೋದು.

ದೂರದಲ್ಲಿ ನಿಂತು ಊರನ್ನು ಪ್ರೀತಿಸೋದು ತಪ್ಪು ಅಂತ ನಾನು ಹೇಳ್ತಿಲ್ಲ. ಎಷ್ಟೋ ಸಲ ದೂರ ಹೋದಾಗಲೇ ಊರು ಕಾಣೋದು. ಆದರೆ ಹಾಗೆ ಕಂಡ ಊರಿನಲ್ಲಿ ಕ್ಲಬ್ಬಿನ ದೀಪ ಇರುತ್ತೆ, ಧೂಳು ಇರಲ್ಲ. ಉಳಿದುಕೊಂಡವರ ಊರಿನಲ್ಲಿ ಎರಡೂ ಇರುತ್ತೆ.

ಮೊನ್ನೆ ಗೆಳೆಯ ಮತ್ತೆ ಮಳೆ ಬಗ್ಗೆ ಕೇಳಿದ. ಆಯ್ತು ಅಂದೆ. ಆಮೇಲೆ ಅಂದೆ: "ಮುಂದಿನ ಸಲ ಬಂದಾಗ ಬೆಂಗಳೂರಲ್ಲೇ ಉಳಿಯಬೇಡ ಮಗಾ. ರೈಲಲ್ಲಿ ಮಾರಿಕುಪ್ಪಂವರೆಗೆ ಹೋಗೋಣ. ಅಲ್ಲಿರೋರನ್ನ ನೀನೇ ಕೇಳು, ಮಳೆ ಆಯ್ತಾ ಅಂತ."