ಅಲೆಯುವ ವರ್ಷ: ಪ್ರಾಚೀನ ಈಜಿಪ್ಟಿನ ಕಾಲಗಣನೆ ಮತ್ತು ಅದರ ಇಂದಿನ ನೆಲೆಗಳು

ಪ್ರಾಚೀನ ಈಜಿಪ್ಟಿನ ನಾಗರಿಕ ವರ್ಷದಲ್ಲಿ 365 ದಿನಗಳಿದ್ದವು. ತಲಾ 30 ದಿನಗಳ 12 ತಿಂಗಳುಗಳು, ಕೊನೆಯಲ್ಲಿ ಯಾವ ತಿಂಗಳಿಗೂ ಸೇರದ 5 ದಿನಗಳು, ಇಷ್ಟೇ ಅದರ ರಚನೆ. ಅದರಲ್ಲಿ ಅಧಿಕಮಾಸವಿರಲಿಲ್ಲ, ಕ್ಷಯಮಾಸವಿರಲಿಲ್ಲ, ನಾಲ್ಕು ವರ್ಷಕ್ಕೊಮ್ಮೆ ಒಂದು ದಿನವನ್ನು ಕೂಡಿಸುವ ಏರ್ಪಾಡೂ ಇರಲಿಲ್ಲ. ಸೂರ್ಯನ ವರ್ಷವು ಇದಕ್ಕಿಂತ ಸುಮಾರು ಕಾಲು ದಿನ ಉದ್ದವಾದುದರಿಂದ ಈಜಿಪ್ಟಿನ ವರ್ಷಾರಂಭವು ಪ್ರತಿ ನಾಲ್ಕು ವರ್ಷಕ್ಕೆ ಒಂದು ದಿನದಂತೆ ಋತುಗಳಿಗಿಂತ ಮುಂಚಿತವಾಗಿ ಬರುತ್ತ ಹೋಯಿತು, ಮತ್ತು ಇದೇ ಕಾರಣಕ್ಕೆ ವಿದ್ವಾಂಸರು ಅದನ್ನು ‘ಅಲೆಯುವ ವರ್ಷ’ ಎಂದು ಕರೆದರು. ಈ ಅಲೆದಾಟವನ್ನು ಕೊರತೆಯೆಂದು ಎಣಿಸುವುದು ರೂಢಿಯಾಗಿದ್ದರೂ, ಯಾರೂ ಕೈ ಹಾಕದೆ ಬಿಟ್ಟ ಈ ಎಣಿಕೆಯೇ ಆ ಕಾಲಗಣನೆಯ ದೊಡ್ಡ ಬಲವಾಗಿತ್ತು ಎಂಬುದಕ್ಕೆ ಹೆಚ್ಚಿನ ಆಧಾರಗಳಿವೆ.

ವರ್ಷವನ್ನು ನಾಲ್ಕು ನಾಲ್ಕು ತಿಂಗಳುಗಳ ಮೂರು ಋತುಗಳಾಗಿ ವಿಂಗಡಿಸಲಾಗಿತ್ತು. ನೈಲ್ ನದಿ ದಡ ಮೀರಿ ಹೊಲಗಳ ಮೇಲೆ ಹರಡುವ ನೆರೆಯ ಕಾಲ ‘ಅಖೆತ್’. ನೀರಿಳಿದ ಮೇಲೆ ಮೆಕ್ಕಲು ಮಣ್ಣಿನಲ್ಲಿ ಬಿತ್ತಿದ ಬೆಳೆ ಮೊಳೆತು ಮೇಲೇಳುವ ಕಾಲ ‘ಪೆರೆತ್’. ಕೊಯ್ಲು, ಒಕ್ಕಣೆಗಳ ಬೇಸಿಗೆಯೇ ‘ಷೆಮು’. ತಿಂಗಳುಗಳಿಗೆ ಹೆಸರುಗಳು ರೂಢಿಯಾದದ್ದು ಆಮೇಲೆ. ಲಿಪಿಕಾರರು ದಿನಾಂಕವನ್ನು ಇಂಥ ಅರಸನ ಆಳ್ವಿಕೆಯ ಇಂತಿಷ್ಟನೆಯ ವರ್ಷ, ಪೆರೆತ್ ಋತುವಿನ ಎರಡನೆಯ ತಿಂಗಳು, ಹತ್ತನೆಯ ದಿನ ಎಂದೇ ಬರೆಯುತ್ತಿದ್ದರು. ಅರಸ ಬದಲಾದರೆ ವರ್ಷದ ಎಣಿಕೆ ಮತ್ತೆ ಒಂದರಿಂದ ಆರಂಭವಾಗುತ್ತಿತ್ತು. ಪ್ರತಿ ತಿಂಗಳೂ ಹತ್ತು ಹತ್ತು ದಿನಗಳ ಮೂರು ಭಾಗಗಳಾಗಿ ಒಡೆಯುತ್ತಿತ್ತು. ಈ ಹತ್ತು ದಿನಗಳ ಭಾಗವನ್ನು ಇಲ್ಲಿ ‘ದಶಕ’ ಎಂದು ಕರೆಯಬಹುದು.

ಈ ವ್ಯವಸ್ಥೆ ದುಡಿಮೆಯ ಬದುಕಿನಲ್ಲಿ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ಎರಡು ದಾಖಲೆಗಳು ಅಮೂಲ್ಯವಾಗಿವೆ. ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್‌ನಲ್ಲಿ ಪಿಯರ್ ತಲ್ಲೆ ಅವರ ತಂಡವು 2013ರಲ್ಲಿ ಪತ್ತೆಹಚ್ಚಿದ ಪಪೈರಸ್ ಹಾಳೆಗಳು ಮಹಾಪಿರಮಿಡ್ಡನ್ನು ಕಟ್ಟಿಸಿದ ಖುಫು ಅರಸನ ಕೊನೆಯ ವರ್ಷಗಳವು, ಬರಹವಿರುವ ಪಪೈರಸ್‌ಗಳಲ್ಲಿ ಇದುವರೆಗೆ ಸಿಕ್ಕ ಅತ್ಯಂತ ಹಳೆಯವು. ಅವುಗಳಲ್ಲಿ ಮೆರೆರ್ ಎಂಬ ಮೇಲ್ವಿಚಾರಕನ ದಿನಚರಿಯಿದೆ. ಹಾಳೆಯ ನೆತ್ತಿಯಲ್ಲಿ ತಿಂಗಳು, ಅದರ ಕೆಳಗೆ ಅಡ್ಡಲಾಗಿ ದಿನಕ್ಕೊಂದರಂತೆ ಮನೆಗಳು, ಪ್ರತಿ ಮನೆಯ ಕೆಳಗೆ ಆ ದಿನ ತಂಡ ಮಾಡಿದ ಕೆಲಸ. ತುರಾದ ಗಣಿಗಳಿಂದ ಸುಣ್ಣದ ಕಲ್ಲನ್ನು ದೋಣಿಗೆ ಹೇರಿ ಗಿಜಾಕ್ಕೆ ತಂದಿಳಿಸಿ ಮರಳುವ ಈ ತಂಡವು ಒಂದು ದಶಕದಲ್ಲಿ ಎರಡು ಅಥವಾ ಮೂರು ಸುತ್ತು ಮುಗಿಸುತ್ತಿತ್ತು. ಸುಮಾರು 4,500 ವರ್ಷಗಳ ಹಿಂದೆ ಮನೆ ಕೊರೆದು ಬರೆದ ಈ ಹಾಳೆಯನ್ನು ನೋಡಿದವರಿಗೆ ಇಂದಿನ ಹಾಜರಿ ಪುಸ್ತಕದ ನೆನಪಾಗದೆ ಇರದು.

ನಿಜವಾದ ಹಾಜರಿ ಪಟ್ಟಿಯೇ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅರಸರ ಗೋರಿಗಳನ್ನು ಕೊರೆಯುತ್ತಿದ್ದ ಕುಶಲಕರ್ಮಿಗಳ ಊರಾದ ದೇರ್ ಎಲ್-ಮದೀನಾದ ಸುಣ್ಣದ ಕಲ್ಲಿನ ಆ ಚಪ್ಪಡಿಯ ಮೇಲೆ, ಎರಡನೆಯ ರಾಮ್ಸೆಸ್‌ನ ಆಳ್ವಿಕೆಯ 40ನೆಯ ವರ್ಷದಲ್ಲಿ ಕೆಲಸಕ್ಕೆ ಬಾರದವರ ಹೆಸರು ಮತ್ತು ದಿನಾಂಕಗಳನ್ನು ಕಪ್ಪು ಮಸಿಯಲ್ಲಿ, ಬಾರದಿದ್ದ ಕಾರಣವನ್ನು ಅದರ ಮೇಲೆ ಕೆಂಪು ಮಸಿಯಲ್ಲಿ ಬರೆಯಲಾಗಿದೆ. ಒಬ್ಬನಿಗೆ ಚೇಳು ಕಚ್ಚಿತ್ತು, ಒಬ್ಬನಿಗೆ ಕಣ್ಣು ಬೇನೆ, ಇನ್ನೊಬ್ಬ ಮನೆಯಲ್ಲಿ ಬಿಯರ್ ತಯಾರಿಸುತ್ತಿದ್ದ, ಮತ್ತೊಬ್ಬ ಸತ್ತ ಬಂಧುವಿನ ದೇಹಕ್ಕೆ ಬಟ್ಟೆ ಸುತ್ತುತ್ತಿದ್ದ. ಋತು, ತಿಂಗಳು, ದಿನ ಎಂಬ ಮೂರು ಅಂಕೆಗಳಲ್ಲಿ ಇಷ್ಟೆಲ್ಲ ಬದುಕು ದಾಖಲಾಗಿದೆ. ಎಲ್ಲ ತಿಂಗಳೂ 30 ದಿನದವೇ ಆದುದರಿಂದ ಕೂಲಿಯ ಧಾನ್ಯ ಅಳೆಯುವುದಕ್ಕೂ ಕಂದಾಯ ಲೆಕ್ಕ ಹಾಕುವುದಕ್ಕೂ ತೊಡಕಿರಲಿಲ್ಲ. ಭಾರತದ ಸಿದ್ಧಾಂತ ಗ್ರಂಥಗಳಲ್ಲಿ 30 ಸೂರ್ಯೋದಯಗಳ ತಿಂಗಳನ್ನು ‘ಸಾವನ ಮಾಸ’ ಎಂದು ಕರೆಯುತ್ತಾರೆ. ಈಜಿಪ್ಟಿನದು ಅಪ್ಪಟ ಸಾವನಮಾನ.

ಕೊನೆಯ ಐದು ದಿನಗಳನ್ನು ‘ವರ್ಷದ ಮೇಲಿನವು’ ಎನ್ನುತ್ತಿದ್ದರು. ಅವು ಒಸಿರಿಸ್, ಹೋರಸ್, ಸೆತ್, ಐಸಿಸ್ ಮತ್ತು ನೆಫ್ತಿಸ್ ದೇವತೆಗಳ ಹುಟ್ಟಿದ ದಿನಗಳೆಂದೂ, ಹಳೆಯ ವರ್ಷ ಮುಗಿದು ಹೊಸದು ಹುಟ್ಟುವ ನಡುವಿನ ಅಪಾಯದ ಗಳಿಗೆಯೆಂದೂ ನಂಬಿಕೆಯಿತ್ತು. ಗ್ರೀಕ್ ಲೇಖಕ ಪ್ಲುಟಾರ್ಕ್ ದಾಖಲಿಸಿದ ಕಥೆಯಂತೆ, ಗರ್ಭಿಣಿಯಾದ ಆಕಾಶದೇವಿಗೆ ಯಾವ ತಿಂಗಳಲ್ಲೂ ಯಾವ ವರ್ಷದಲ್ಲೂ ಹೆರಿಗೆಯಾಗದಿರಲಿ ಎಂದು ಸೂರ್ಯನು ಶಪಿಸಿದಾಗ, ಜ್ಞಾನದ ದೇವತೆಯು ಚಂದ್ರನೊಡನೆ ಪಗಡೆಯಂಥ ಆಟವಾಡಿ, ಅವನ ಬೆಳಕಿನಲ್ಲಿ ಪಾಲುಗಳನ್ನು ಗೆದ್ದು, ಅವನ್ನು ಕೂಡಿಸಿ ಐದು ದಿನಗಳನ್ನು ಮಾಡಿ 360ಕ್ಕೆ ಸೇರಿಸಿದ.

ಚಂದ್ರನ ತಿಂಗಳುಗಳನ್ನು ಈಜಿಪ್ಟಿನವರು ಬಿಟ್ಟುಕೊಟ್ಟಿರಲಿಲ್ಲ. ದೇವಾಲಯದ ಎಷ್ಟೋ ಹಬ್ಬಗಳು ಚಾಂದ್ರಮಾನದಂತೆಯೇ ನಡೆಯುತ್ತಿದ್ದವು, ಮತ್ತು ಕೃಷ್ಣಪಕ್ಷದ ಕೊನೆಯ ಕಲೆ ಮುಂಜಾವಿನಲ್ಲಿ ಕಾಣದೆ ಹೋದ ದಿನದಿಂದ ತಿಂಗಳು ಆರಂಭವಾಗುತ್ತಿತ್ತು ಎಂದು ರಿಚರ್ಡ್ ಪಾರ್ಕರ್ 1950ರ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ಈ ಎರಡನ್ನೂ ಜೋಡಿಸುವ ಒಂದು ಚಕ್ರವು ರೋಮನ್ ಕಾಲದ ‘ಕಾರ್ಲ್ಸ್‌ಬರ್ಗ್ 9’ ಎಂಬ ಪಪೈರಸ್‌ನಲ್ಲಿದೆ: 25 ನಾಗರಿಕ ವರ್ಷಗಳ 9,125 ದಿನಗಳಲ್ಲಿ 309 ಚಾಂದ್ರಮಾಸಗಳು ಬಹುಮಟ್ಟಿಗೆ ಸರಿಯಾಗಿ ಕೂಡುತ್ತವೆ, ವ್ಯತ್ಯಾಸ ಕೇವಲ ಒಂದು ಗಂಟೆಯ ಆಸುಪಾಸಿನದು.

ಇನ್ನು ಆಕಾಶದ ಮೂರನೆಯ ಸಾಕ್ಷಿ ಲುಬ್ಧಕ ನಕ್ಷತ್ರ. ಗುರು ಅಥವಾ ಶುಕ್ರ ಸೂರ್ಯನ ಸಮೀಪಕ್ಕೆ ಬಂದು ಕಾಣದಾಗುವುದನ್ನು ಕನ್ನಡ ಪಂಚಾಂಗಗಳು ‘ಮೌಢ್ಯ’ ಎನ್ನುವಂತೆ, ಲುಬ್ಧಕವೂ ಈಜಿಪ್ಟಿನಲ್ಲಿ ವರ್ಷಕ್ಕೊಮ್ಮೆ ಸುಮಾರು 70 ದಿನ ಮರೆಯಾಗಿ, ಆಮೇಲೆ ಒಂದು ಮುಂಜಾನೆ ಸೂರ್ಯೋದಯಕ್ಕೆ ಸ್ವಲ್ಪ ಮೊದಲು ಪೂರ್ವ ದಿಗಂತದಲ್ಲಿ ಮತ್ತೆ ಮಿನುಗುತ್ತದೆ. ಭಾರತೀಯ ಜ್ಯೋತಿಷದಲ್ಲಿ ಪ್ರಸಿದ್ಧವಾದ ಅಗಸ್ತ್ಯೋದಯವೂ ಇದೇ ಬಗೆಯ ಘಟನೆ. ಲುಬ್ಧಕವನ್ನು ‘ಸೊಪ್‌ದೆತ್’ ಎಂಬ ದೇವಿಯಾಗಿ ಆರಾಧಿಸುತ್ತಿದ್ದ ಈಜಿಪ್ಟಿನವರಿಗೆ, ನೈಲ್ ಏರತೊಡಗುವ ಹೊತ್ತಿಗೇ ಅದು ಮರಳಿ ಕಾಣಿಸಿಕೊಳ್ಳುತ್ತಿದ್ದುದು ಹೊಸ ವರ್ಷದ ಶುಭಸೂಚನೆಯಾಗಿತ್ತು. ಆದರೆ ನಕ್ಷತ್ರದ ವರ್ಷ 365¼ ದಿನದ್ದು, ಕಚೇರಿಯ ವರ್ಷ 365 ದಿನದ್ದು. ಆದುದರಿಂದ ನಾಲ್ಕು ವರ್ಷಕ್ಕೊಮ್ಮೆ ಲುಬ್ಧಕೋದಯದ ದಿನಾಂಕ ಒಂದು ದಿನ ಮುಂದಕ್ಕೆ ಹೋಗುತ್ತಿತ್ತು, ಮತ್ತು ಪೂರ್ತಿ ಒಂದು ಸುತ್ತು ಹಾಕಲು 1,460 ವರ್ಷಗಳು ಬೇಕಾಗುತ್ತಿದ್ದವು. ಅರುವತ್ತು ವರ್ಷ ಬದುಕಿದವನ ಪಾಲಿಗೆ ಇದು 15 ದಿನಗಳ ವ್ಯತ್ಯಾಸ ಮಾತ್ರ. ರೈತನು ಹೇಗೂ ನದಿಯ ನೀರನ್ನು ನೋಡಿಯೇ ಬಿತ್ತುತ್ತಿದ್ದನಾದುದರಿಂದ ಈ ಜಾರುವಿಕೆ ಅವನ ಬೇಸಾಯವನ್ನು ಕೆಡಿಸುವಂಥದಾಗಿರಲಿಲ್ಲ.

ಆಗ ಯಾರನ್ನೂ ಕಾಡದ ಈ ಅಂತರವೇ ಇಂದಿನ ಇತಿಹಾಸಕಾರರ ಕೈಗೆ ಸಿಕ್ಕ ದೊಡ್ಡ ಕೀಲಿಕೈ. ಕ್ರಿ.ಶ. 238ರಲ್ಲಿ ಬರೆದ ಸೆನ್ಸೊರಿನಸ್ ಎಂಬ ರೋಮನ್ ವಿದ್ವಾಂಸನ ಮಾತಿನಿಂದ, ಕ್ರಿ.ಶ. 139ರಲ್ಲಿ ಲುಬ್ಧಕೋದಯವೂ ನಾಗರಿಕ ವರ್ಷದ ಮೊದಲ ದಿನವೂ ಕೂಡಿಬಂದವೆಂದು ತಿಳಿಯುತ್ತದೆ. ಅಲ್ಲಿಂದ 1,460 ವರ್ಷಗಳಂತೆ ಹಿಂದೆ ಹೋದರೆ ಕ್ರಿ.ಪೂ. 1320ರ ದಶಕ, ಮತ್ತೂ ಹಿಂದೆ ಹೋದರೆ ಕ್ರಿ.ಪೂ. 2780ರ ದಶಕ ಸಿಗುತ್ತದೆ. ಇಲ್ಲಾಹುನ್ ದೇವಾಲಯದ, ಈಗ ಬರ್ಲಿನ್‌ನಲ್ಲಿರುವ, ಒಂದು ಪಪೈರಸ್‌ನಲ್ಲಿ ಮೂರನೆಯ ಸೆನುಸ್ರೆತ್ ಅರಸನದೆಂದು ಸಾಮಾನ್ಯವಾಗಿ ಒಪ್ಪಿರುವ 7ನೆಯ ವರ್ಷದ ಪತ್ರವಿದೆ. ಪೆರೆತ್ ಋತುವಿನ ನಾಲ್ಕನೆಯ ತಿಂಗಳ 16ನೆಯ ದಿನ ಲುಬ್ಧಕೋದಯವಾಗಲಿದೆ, ಸಿಬ್ಬಂದಿಗೆ ತಿಳಿಸಿ ಎಂಬುದು ಅದರ ಸಾರ. ವರ್ಷಾರಂಭದಿಂದ ಆ ದಿನಕ್ಕೆ 225 ದಿನಗಳು ಕಳೆದಿರುತ್ತವೆ, ದಿನಕ್ಕೆ ನಾಲ್ಕು ವರ್ಷದಂತೆ ಗುಣಿಸಿದರೆ 900 ವರ್ಷ, ಕ್ರಿ.ಪೂ. 2780ರ ದಶಕದಿಂದ ಅಷ್ಟು ಮುಂದೆ ಬಂದರೆ ಆ ಪತ್ರ ಕ್ರಿ.ಪೂ. 19ನೆಯ ಶತಮಾನದ್ದೆಂದು ಗೊತ್ತಾಗುತ್ತದೆ. ದೇವಾಲಯದ ಅಧಿಕಾರಿಯೊಬ್ಬ ಹಬ್ಬದ ಸಿದ್ಧತೆಗೆಂದು ಬರೆದ ಸೂಚನೆಯಿಂದ ಒಂದು ರಾಜವಂಶದ ಕಾಲವೇ ಹೊರಟುಬರುವುದು ವಿಸ್ಮಯದ ಸಂಗತಿ. ಆದರೂ ಉದಯವನ್ನು ಎಲ್ಲಿ ನಿಂತು ನೋಡಿದರೆಂಬುದು ಮುಖ್ಯ: ದಕ್ಷಿಣಕ್ಕೆ ಒಂದು ಅಕ್ಷಾಂಶ ಸರಿದರೆ ಲುಬ್ಧಕ ಸುಮಾರು ಒಂದು ದಿನ ಮೊದಲೇ ಕಾಣುತ್ತದೆ, ಅಂದರೆ ಲೆಕ್ಕದಲ್ಲಿ ಸುಮಾರು ನಾಲ್ಕು ವರ್ಷ ಏರುಪೇರಾಗುತ್ತದೆ. ಮೆಂಫಿಸ್ ಮತ್ತು ಎಲಿಫೆಂಟೈನ್‌ಗಳ ನಡುವೆ ಇದು 20 ವರ್ಷಗಳನ್ನು ಮೀರುತ್ತದೆ.

ಇಂಥ ಲೆಕ್ಕವನ್ನು ಆಧಾರ ಮೀರಿ ಎಳೆದುದರ ಫಲವೂ ಇತಿಹಾಸದಲ್ಲಿದೆ. ಜರ್ಮನ್ ವಿದ್ವಾಂಸ ಎಡ್ವರ್ಡ್ ಮೇಯರ್ 1904ರಲ್ಲಿ ಇನ್ನೂ ಒಂದು ಸುತ್ತು ಹಿಂದೆ ಹೋಗಿ ಈ ಕಾಲಗಣನೆ ಕ್ರಿ.ಪೂ. 4241ರಲ್ಲಿ ಆರಂಭವಾಯಿತೆಂದು ಸಾರಿದರು, ಮತ್ತು ಅದು ಮಾನವ ಇತಿಹಾಸದ ಮೊದಲ ಖಚಿತ ದಿನಾಂಕವೆಂದು ದಶಕಗಳ ಕಾಲ ಪಠ್ಯಗಳಲ್ಲಿ ಮೆರೆಯಿತು. ನೈಲ್ ನೆರೆಗಳ ನಡುವಿನ ಅಂತರವನ್ನು ಕೆಲವು ಹತ್ತು ವರ್ಷ ಎಣಿಸಿ ಸರಾಸರಿ ತೆಗೆದರೆ ಸಾಕು, 365 ಎಂಬ ಸಂಖ್ಯೆ ತಾನೇ ದೊರೆಯುತ್ತದೆ, ಅದಕ್ಕೆ ನಕ್ಷತ್ರ ವೀಕ್ಷಣೆಯೇ ಬೇಕಿಲ್ಲ ಎಂದು ಓಟ್ಟೊ ನಾಯ್ಗೆಬೌವರ್ 1938ರಲ್ಲಿ ತೋರಿಸಿದ ಮೇಲೆ ಆ ವಾದ ಕುಸಿಯಿತು. ಇಂದಿಗೂ ಜನಪ್ರಿಯ ಬರಹಗಳಲ್ಲಿ 4241 ಎಂಬ ವರ್ಷ ಸತ್ಯವೆಂಬಂತೆ ಕಾಣಿಸಿಕೊಳ್ಳುವುದು ವಿಷಾದಕರ.

ಕ್ರಿ.ಪೂ. 238ರಲ್ಲಿ ಮೂರನೆಯ ಟಾಲೆಮಿಯ ಆಳ್ವಿಕೆಯಲ್ಲಿ ಕನೋಪಸ್‌ನಲ್ಲಿ ಸೇರಿದ ಅರ್ಚಕರ ಸಭೆಯು, ಚಳಿಗಾಲದ ಹಬ್ಬಗಳು ಮುಂದೊಂದು ದಿನ ಬೇಸಿಗೆಗೆ ಬೀಳದಿರಲೆಂದು, ನಾಲ್ಕು ವರ್ಷಕ್ಕೊಮ್ಮೆ ಆರನೆಯ ಹೆಚ್ಚುವರಿ ದಿನವನ್ನು ಸೇರಿಸಬೇಕೆಂದು ನಿರ್ಣಯಿಸಿತು. ಚಿತ್ರಲಿಪಿ, ಡೆಮೋಟಿಕ್ ಎಂಬ ಮೋಡಿಲಿಪಿ ಮತ್ತು ಗ್ರೀಕ್ ಈ ಮೂರರಲ್ಲೂ ಕೆತ್ತಿದ ಆ ಶಾಸನವು 1866ರಲ್ಲಿ ತಾನಿಸ್‌ನಲ್ಲಿ ಈಜಿಪ್ಟ್ ತಜ್ಞ ಲೆಪ್ಸಿಯಸ್ ಅವರಿಗೆ ದೊರೆಯಿತು. ನಿರ್ಣಯ ಕಲ್ಲಿನಲ್ಲೇ ಉಳಿಯಿತು. ಜನ ಹಳೆಯ ಎಣಿಕೆಯನ್ನೇ ಮುಂದುವರಿಸಿದರು. ಇದನ್ನು ಅರ್ಚಕರ ಹಟವೆಂದು ತಳ್ಳಿಹಾಕುವುದು ಸರಿಯಾಗದು. ಸೇರಿಸಬೇಕಾದ ಆ ದಿನವು ದೊರೆ ಮತ್ತು ರಾಣಿಯರ ಹೆಸರಿನ ಉತ್ಸವವಾಗಬೇಕಿತ್ತು, ಅದರ ಪ್ರಸ್ತಾಪವೂ ದೊರೆಯ ಸ್ತುತಿಯ ನಡುವೆಯೇ ಬಂದಿತ್ತು. ಮೇಲಾಗಿ ಪ್ರತಿ ದಾಖಲೆ, ಪ್ರತಿ ಒಪ್ಪಂದ, ಪ್ರತಿ ಹಬ್ಬದ ಪಟ್ಟಿಯೂ 365ರ ಮೇಲೆ ನಿಂತಿದ್ದ ನಾಡಿನಲ್ಲಿ ಆ ಸಂಖ್ಯೆಯನ್ನು ಕದಲಿಸುವುದರಿಂದ ಬರುವ ಲಾಭ ಯಾರಿಗೂ ಕಣ್ಣಿಗೆ ಕಾಣುವಂತಿರಲಿಲ್ಲ.

ಆ ನಿರಾಕರಣೆಯ ಬೆಲೆ ತಿಳಿದದ್ದು ಖಗೋಳವಿದರಿಗೆ. ಯಾವುದೋ ಆರಂಭದ ದಿನದಿಂದ ಕಳೆದ ಒಟ್ಟು ದಿನಗಳ ಮೊತ್ತಕ್ಕೆ ಭಾರತೀಯ ಗಣಿತಜ್ಞರು ‘ಅಹರ್ಗಣ’ ಎನ್ನುತ್ತಾರೆ, ಮತ್ತು ಅಧಿಕಮಾಸ, ಕ್ಷಯತಿಥಿಗಳನ್ನೆಲ್ಲ ಕಳೆದು ಕೂಡಿ ಅದನ್ನು ತೆಗೆಯುವುದು ಎಷ್ಟು ಶ್ರಮದ ಕೆಲಸವೆಂದು ಪಂಚಾಂಗ ಗಣಿಸುವವರು ಬಲ್ಲರು. ಈಜಿಪ್ಟಿನ ವರ್ಷದಲ್ಲಾದರೋ ವರ್ಷಗಳನ್ನು 365ರಿಂದ ಗುಣಿಸಿ ಉಳಿದ ದಿನಗಳನ್ನು ಕೂಡಿದರೆ ಅಹರ್ಗಣ ಸಿದ್ಧ. ಅಲೆಕ್ಸಾಂಡ್ರಿಯಾದ ಖಗೋಳವಿದ ಟಾಲೆಮಿ ಕ್ರಿ.ಶ. 2ನೆಯ ಶತಮಾನದಲ್ಲಿ ತನ್ನ ‘ಆಲ್ಮಜೆಸ್ಟ್’ ಗ್ರಂಥದ ಕೋಷ್ಟಕಗಳನ್ನು ಇದೇ ವರ್ಷದಲ್ಲಿ, ಕ್ರಿ.ಪೂ. 747ರ ಫೆಬ್ರವರಿ 26ರಿಂದ ಎಣಿಸಿ ರಚಿಸಿದ. 1543ರಲ್ಲಿ ಕೊಪರ್ನಿಕಸ್ ಕೂಡ ಗ್ರಹಗತಿಯ ಕೋಷ್ಟಕಗಳಿಗೆ ಈಜಿಪ್ಟಿನ ವರ್ಷವನ್ನೇ ಬಳಸಿದ. ಭೂಮಿಯನ್ನು ಸೂರ್ಯನ ಸುತ್ತ ಚಲಿಸುವಂತೆ ಮಾಡಿದ ಗ್ರಂಥದಲ್ಲಿ ಫರೋಗಳ ಲೆಕ್ಕಿಗರ ವರ್ಷವಿದೆ ಎಂಬುದನ್ನು ಇತಿಹಾಸದ ಓದುಗರು ಮರೆಯಬಾರದು.

ಅಧಿಕದಿನದ ಕಲ್ಪನೆಯೂ ವ್ಯರ್ಥವಾಗಲಿಲ್ಲ. ಜೂಲಿಯಸ್ ಸೀಸರ್ ಕ್ರಿ.ಪೂ. 45ರಿಂದ ಜಾರಿಗೆ ತಂದ, ಇಂದು ಗೋಡೆಗಳ ಮೇಲೆ ತೂಗುವ ಕ್ಯಾಲೆಂಡರಿಗೆ ಮೂಲವಾದ ಪದ್ಧತಿಯನ್ನು ರೂಪಿಸಲು ನೆರವಾದ ಸೊಸಿಜೆನಿಸ್ ಅಲೆಕ್ಸಾಂಡ್ರಿಯಾದವನೆಂದು ಹೇಳಲಾಗಿದೆ. ಮುಂದೆ ಆಗಸ್ಟಸ್‌ನ ಕಾಲದಲ್ಲಿ ಈಜಿಪ್ಟಿಗೂ ಆರನೆಯ ದಿನ ಬಂದು ವರ್ಷಾರಂಭ ನಿಂತಲ್ಲೇ ನಿಂತಿತು.

ಭಾರತಕ್ಕೆ ಈ ಪರಂಪರೆ ಎರಡು ದಾರಿಗಳಲ್ಲಿ ಮುಟ್ಟಿತು. ಈಜಿಪ್ಟಿನವರು ಹತ್ತು ದಿನಗಳ ದಶಕಕ್ಕೊಂದರಂತೆ 36 ನಕ್ಷತ್ರಗಳನ್ನು ಅಥವಾ ನಕ್ಷತ್ರಗುಚ್ಛಗಳನ್ನು ಆರಿಸಿ, ಅವು ಒಂದಾದ ಮೇಲೊಂದು ಮೂಡುವುದನ್ನು ನೋಡಿ ರಾತ್ರಿಯನ್ನು 12 ಭಾಗ ಮಾಡಿದ್ದರು. ಇಂಥ ಕೋಷ್ಟಕಗಳು 4,000 ವರ್ಷ ಹಿಂದಿನ ಶವಪೆಟ್ಟಿಗೆಗಳ ಮುಚ್ಚಳದ ಒಳಮೈಯಲ್ಲಿ, ಸತ್ತವರಿಗೂ ಗಂಟೆ ತಿಳಿಯಲೆಂಬಂತೆ, ಬರೆದಿವೆ. ಹಗಲಿಗೂ 12 ಸೇರಿ ದಿನಕ್ಕೆ 24 ಗಂಟೆಗಳಾದವು. ಗ್ರೀಕರು ಈ 36ನ್ನು ರಾಶಿಚಕ್ರದ ಹತ್ತು ಹತ್ತು ಭಾಗೆಗಳಿಗೆ ಹಂಚಿ ‘ದೆಕನೋಸ್’ ಎಂದರು, ಅದೇ ಸಂಸ್ಕೃತಕ್ಕೆ ಬಂದು ‘ದ್ರೇಕ್ಕಾಣ’ವಾಯಿತು, ವರಾಹಮಿಹಿರನು ‘ಬೃಹಜ್ಜಾತಕ’ದಲ್ಲಿ 36 ದ್ರೇಕ್ಕಾಣಗಳ ರೂಪಗಳನ್ನು ವರ್ಣಿಸಿದ್ದಾನೆ. ವಾರಗಳ ಸಾಲೂ ಈ 24ರ ಕೂಸು: ಪ್ರತಿ ಹೋರೆಗೆ, ಅಂದರೆ ಗಂಟೆಗೆ, ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ ಎಂಬ ಕ್ರಮದಲ್ಲಿ ಒಬ್ಬೊಬ್ಬ ಒಡೆಯನನ್ನಿಟ್ಟರೆ, ಶನಿಯಿಂದ ಆರಂಭವಾದ ದಿನದ 24ನೆಯ ಹೋರೆ ಕುಜನದಾಗಿ, ಮರುದಿನದ ಮೊದಲ ಹೋರೆ ರವಿಗೆ ಬರುತ್ತದೆ. ಕ್ರಿ.ಶ. 484ರ ಏರಣ್ ಶಾಸನದಲ್ಲಿ ಗುರುವಾರ ಕಾಣಿಸಿಕೊಂಡ ಈ ಪದ್ಧತಿ, ಶಕವರ್ಷ, ಸಂವತ್ಸರ, ತಿಥಿಗಳ ಜೊತೆಗೆ ವಾರವನ್ನೂ ಹೇಳುವ ಅಸಂಖ್ಯ ಕನ್ನಡ ಶಾಸನಗಳವರೆಗೆ ಹರಿದುಬಂದಿದೆ.

ಎರಡನೆಯ ದಾರಿ ಇರಾನಿನದು. 30 ದಿನಗಳ 12 ತಿಂಗಳು, ಕೊನೆಗೆ ಐದು ಗಾಥಾ ದಿನಗಳು ಎಂಬ ಜರತುಷ್ಟ್ರ ಮತದ ಕಾಲಗಣನೆಯು, ಪರ್ಷಿಯನ್ನರು ಕ್ರಿ.ಪೂ. 525ರಲ್ಲಿ ಈಜಿಪ್ಟನ್ನು ಗೆದ್ದ ಮೇಲೆ ಅಲ್ಲಿಯ ಮಾದರಿಯಲ್ಲಿ ರೂಪುಗೊಂಡಿತೆಂದು ಹಲವು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಭಾರತದ ಪಾರಸಿಗಳಲ್ಲಿ ಹೆಚ್ಚಿನವರು ಅನುಸರಿಸುವ ಶಹೆನ್‌ಶಾಹಿ ಪದ್ಧತಿಯಲ್ಲಿ ಇಂದಿಗೂ ಅಧಿಕದಿನವಿಲ್ಲ. ಅವರ ಹೊಸವರ್ಷ ಈಗ ಆಗಸ್ಟ್ ತಿಂಗಳ ನಡುವಿಗೆ ಸರಿದುಬಂದಿದೆ, ನಾಲ್ಕು ವರ್ಷಕ್ಕೊಂದು ದಿನದಂತೆ ಇನ್ನೂ ಸರಿಯುತ್ತಿದೆ.

ತಾಯ್ನಾಡಿನಲ್ಲಿ ಈ ಕಾಲಗಣನೆ ಕಾಪ್ಟಿಕ್ ಕ್ರೈಸ್ತರ ಚರ್ಚಿನಲ್ಲಿ ಬದುಕಿದೆ. ಅವರ ವರ್ಷ ಸೆಪ್ಟೆಂಬರ್ 11ರಂದು, ಮುಂದಿನ ವರ್ಷ ಅಧಿಕವರ್ಷವಾದರೆ 12ರಂದು, ಆರಂಭವಾಗುತ್ತದೆ, ಶಕೆಯನ್ನು ಕ್ರಿ.ಶ. 284ರಿಂದ ಎಣಿಸುತ್ತಾರೆ. ಇಥಿಯೋಪಿಯಾದಲ್ಲಂತೂ ಪಗುಮೆ ಎಂಬ ಹದಿಮೂರನೆಯ ಪುಟ್ಟ ತಿಂಗಳಿರುವ ಈ ಪದ್ಧತಿಯೇ ಸರಕಾರದ ವ್ಯವಹಾರದಲ್ಲಿದೆ, ಅಲ್ಲಿ 2000ನೆಯ ವರ್ಷವನ್ನು 2007ರ ಸೆಪ್ಟೆಂಬರ್ 12ರಂದು ಸ್ವಾಗತಿಸಲಾಯಿತು. ಈಜಿಪ್ಟಿನ ಹಳ್ಳಿಗಳಲ್ಲಿ ಮುಸ್ಲಿಂ ರೈತರೂ ಬೇಸಾಯಕ್ಕೆ ತೂತ್, ಬಾಬಾ, ಹತೂರ್ ಎಂಬ ಹಳೆಯ ತಿಂಗಳುಗಳನ್ನೇ ಬಳಸುತ್ತ ಬಂದಿದ್ದಾರೆ, ಏಕೆಂದರೆ ಚಂದ್ರನನ್ನು ಅನುಸರಿಸುವ ಹಿಜರಿ ವರ್ಷದಲ್ಲಿ ಬಿತ್ತನೆಯ ತಿಂಗಳು ನೆಲೆ ನಿಲ್ಲುವುದಿಲ್ಲ.

19ನೆಯ ಶತಮಾನದ ಕೈರೋ ನಗರದ ಬದುಕನ್ನು ದಾಖಲಿಸಿದ ಎಡ್ವರ್ಡ್ ಲೇನ್, ಬಊನಾ ತಿಂಗಳ 11ರ ‘ಹನಿಯ ರಾತ್ರಿ’ಯನ್ನು ವಿವರಿಸಿದ್ದಾನೆ. ಅಂದು ಆಕಾಶದಿಂದ ಒಂದು ಹನಿ ನೈಲ್‌ಗೆ ಬಿದ್ದು ನದಿ ಏರತೊಡಗುತ್ತದೆಂಬ ನಂಬಿಕೆಯಿಂದ ಜನ ನದಿದಡದಲ್ಲಿ ರಾತ್ರಿ ಕಳೆಯುತ್ತಿದ್ದರು. ಹೆಂಗಸರು ಮನೆಯ ಮಂದಿಗೆ ಒಂದೊಂದರಂತೆ ಹಿಟ್ಟಿನ ಉಂಡೆಗಳನ್ನು ಮಾಳಿಗೆಯ ಮೇಲಿಟ್ಟು, ಬೆಳಗ್ಗೆ ಯಾರ ಉಂಡೆ ಬಿರುಕು ಬಿಟ್ಟಿದೆಯೆಂದು ನೋಡುತ್ತಿದ್ದರು. ಬಿರಿದ ಉಂಡೆಯವರಿಗೆ ಆಯುಸ್ಸು ದೀರ್ಘ. 1970ರಲ್ಲಿ ಪೂರ್ಣಗೊಂಡ ಅಸ್ವಾನ್ ಎತ್ತರದ ಅಣೆಕಟ್ಟು ಆ ನೆರೆಯನ್ನು ತಡೆದು ನಿಲ್ಲಿಸಿದೆ, ಲುಬ್ಧಕದ ಮುಂಜಾವಿನ ಉದಯವೂ ಕೈರೋದಲ್ಲಿ ಆಗಸ್ಟ್ ಆದಿಗೆ ಸರಿದಿದೆ. ಆದರೂ ಚಳಿ ಕೊರೆಯುವಾಗ ತೂಬಾ ತಿಂಗಳು ಬಂತೆಂದೂ, ಧೂಳಿನ ಗಾಳಿ ಎದ್ದಾಗ ಅಮ್‌ಶೀರ್ ಬಂತೆಂದೂ ಅಲ್ಲಿಯ ಜನ ಈಗಲೂ ಹೇಳುತ್ತಾರೆ.